ಪರದೆ ಬಿದ್ದು ಮತ್ತೆ ಏಳುವ ನಡುವೆ

ದಸರಾ ಎಂದ ಕೂಡಲೇ ಎಲ್ಲರ ಕಣ್ಣಿಗೂ ಬರುವುದು ಅಂಬಾರಿ. 750 ಕೆ.ಜಿ. ತೂಕದ ಆ ಅಂಬಾರಿ ಹೊತ್ತ ಆನೆ ಬನ್ನಿಮಂಟಪದ ಕಡೆ ಹೊರಡುವುದು ಕೊನೆಯ ದಿನ, ಅದೂ ಒಂದೇ ಒಂದು ಹೊತ್ತು. ಅದಕ್ಕೂ ಮುಂಚಿನ ಸಂಜೆಗಳಲ್ಲಿ ಮೈಸೂರನ್ನು ಎಬ್ಬಿಸಿ ಕೂರಿಸುವುದು ಹಾಡು, ನಾಟಕ, ಕುಣಿತ. ಅರಮನೆಯ ಮುಂದೆ ಕಚೇರಿ ನಡೆಯುತ್ತಿರುವ ಹೊತ್ತಿಗೆ ಜಗನ್ಮೋಹನ ಅರಮನೆಯಲ್ಲಿ ಭರತನಾಟ್ಯ, ಕಲಾಮಂದಿರದಲ್ಲಿ ನಾಟಕ, ಪುರಭವನದಲ್ಲಿ ಕಂಪನಿ ನಾಟಕ, ಚಿಕ್ಕ ಗಡಿಯಾರದ ಬಳಿ ಜಾನಪದ ತಂಡ. ಗಾನಭಾರತಿ, ನಾದಬ್ರಹ್ಮ ಸಭೆಯಂಥ ಕಡೆಗಳನ್ನೂ ಸೇರಿಸಿದರೆ ಒಂದೇ ಸಂಜೆ ಊರಿನ ಏಳೆಂಟು ಕಡೆ ಪರದೆ ಏಳುತ್ತದೆ.

ಈ ವೇದಿಕೆಗಳ ಮೇಲೆ ನಿಂತವರ ಬಗ್ಗೆ ಮಾತಾಡುವವರು ಬೇಕಾದಷ್ಟು ಜನ ಇದ್ದಾರೆ. ಇವತ್ತಿನ ಮಾತು ವೇದಿಕೆ ಖಾಲಿ ಇರುವ ಹೊತ್ತಿನದು. ಒಂದು ಕಾರ್ಯಕ್ರಮ ಮುಗಿದು ಇನ್ನೊಂದು ಶುರುವಾಗುವ ನಡುವಿನ ಕಾಲು ಗಂಟೆ. ಹಬ್ಬದ ಸಂಜೆ ಕೆಡುವುದು ಬಹುಪಾಲು ಅಲ್ಲೇ. ಕಲಾವಿದರು ಚೆನ್ನಾಗಿ ಹಾಡದೆ ಸಂಜೆ ಹಾಳಾದದ್ದು ಕಡಿಮೆ. ಕಾಲು ಗಂಟೆ ಮುಕ್ಕಾಲು ಗಂಟೆಯಾಗಿ ಹಾಳಾದದ್ದೇ ಹೆಚ್ಚು.

ಮೊದಲು ಊರಿನ ಲೆಕ್ಕ ನೋಡೋಣ. 1610ರಲ್ಲಿ ರಾಜ ಒಡೆಯರು ಶ್ರೀರಂಗಪಟ್ಟಣದಲ್ಲಿ ಶುರುಮಾಡಿದ ಹಬ್ಬ ಇದು. ಅಂದಿನಿಂದಲೂ ದಿನ ಗೊತ್ತುಮಾಡುವುದು ಪಂಚಾಂಗ. ಆಶ್ವಯುಜ ಶುದ್ಧ ಪಾಡ್ಯದಿಂದ ದಶಮಿಯವರೆಗೆ. ಅಧಿಕಮಾಸ ಬಂದರೆ ಹಬ್ಬ ಅಕ್ಟೋಬರ್ ಮಧ್ಯಕ್ಕೆ ಜಾರುತ್ತದೆ, ಇಲ್ಲದಿದ್ದರೆ ಸೆಪ್ಟೆಂಬರ್ ಕೊನೆಗೋ ಅಕ್ಟೋಬರ್ ಮೊದಲಿಗೋ ಬರುತ್ತದೆ. ತಿಥಿ ವೃದ್ಧಿಯಾದರೆ ಒಂದು ದಿನ ಹೆಚ್ಚು. 2025ರಲ್ಲಿ ಹಾಗಾಗಿಯೇ ಹನ್ನೊಂದು ದಿನದ ದಸರಾ ಆಯಿತು. ಪಂಚಾಂಗದಲ್ಲಿ ಒಂದು ತಿಥಿ ಬೆಳೆದರೆ ಇತ್ತ ಎಂಟು ವೇದಿಕೆಗೆ ಇಪ್ಪತ್ತು ಚಿಲ್ಲರೆ ಕಾರ್ಯಕ್ರಮ ಹೆಚ್ಚಾಗಿ ಬೇಕು ಎಂದರ್ಥ. ಪಟ್ಟಿ ಹಾಕುವವರು ಕ್ಯಾಲೆಂಡರ್ ನೋಡುವ ಮೊದಲು ಪಂಚಾಂಗ ನೋಡಬೇಕು.

ವೇದಿಕೆಗಳೂ ಒಂದೊಂದು ಥರ. ಜಗನ್ಮೋಹನ ಅರಮನೆ 1861ರದು; ಅಲ್ಲಿನ ಸಭಾಂಗಣದಲ್ಲಿ ವೀಣೆ ಕೂರುತ್ತದೆ, ಡೊಳ್ಳು ಕೂರುವುದಿಲ್ಲ. ಕಲಾಮಂದಿರದ ಆವರಣದಲ್ಲೇ 1989ರಲ್ಲಿ ಬಿ.ವಿ. ಕಾರಂತರ ನಿರ್ದೇಶನದಲ್ಲಿ ಶುರುವಾದ ರಂಗಾಯಣವಿದೆ. ಅಲ್ಲಿನ ಭೂಮಿಗೀತ ಚಿಕ್ಕ ಮಾತಿನ ನಾಟಕಕ್ಕೆ, ವನರಂಗ ಬಯಲಿಗೆ. ಅರಮನೆಯ ಮುಂದಿನದು ತೆರೆದ ಅಂಗಳ. ಇವುಗಳಲ್ಲಿ ಯಾವುದೂ ಇನ್ನೊಂದಕ್ಕೆ ಬದಲಿಯಲ್ಲ. ‘ಅಲ್ಲಿ ಜಾಗ ಖಾಲಿ ಇದೆ, ಇವರನ್ನು ಅಲ್ಲಿಗೆ ಹಾಕಿ’ ಎಂದು ಕೊನೆಯ ವಾರ ಎತ್ತಿಹಾಕಿದ ಕಾರ್ಯಕ್ರಮವೇ ಕಾಲು ಗಂಟೆಯನ್ನು ನುಂಗುವುದು.

ಇನ್ನು ಪಟ್ಟಿಯ ವಿಷಯ. ಎಲ್ಲರೂ ಪಟ್ಟಿಯನ್ನು ತಂಡದ ಹೆಸರಿನಲ್ಲಿ ಬರೆಯುತ್ತಾರೆ: ಆರು ಗಂಟೆಗೆ ಇಂಥವರ ಗಾಯನ, ಏಳಕ್ಕೆ ಇಂಥವರ ನೃತ್ಯ. ಆದರೆ ಊರ ತುಂಬ ಹಬ್ಬ ನಡೆಯುವಾಗ ಒಳ್ಳೆಯ ಮೃದಂಗದವರು, ಪಿಟೀಲಿನವರು ಎಷ್ಟು ಮಂದಿ ಸಿಗುತ್ತಾರೆ? ಅದೇ ಪಕ್ಕವಾದ್ಯದವರು ಆರು ಗಂಟೆಗೆ ಅರಮನೆಯಲ್ಲಿ, ಎಂಟಕ್ಕೆ ಕುವೆಂಪುನಗರದಲ್ಲಿ ಒಪ್ಪಿಕೊಂಡಿರುತ್ತಾರೆ. ತಪ್ಪು ಅವರದ್ದಲ್ಲ, ಎರಡು ಬೇರೆ ಉಪಸಮಿತಿ ಅವರನ್ನು ಬೇರೆ ಬೇರೆಯಾಗಿ ಕೇಳಿವೆ, ಅಷ್ಟೆ. ಆದ್ದರಿಂದ ಎರಡನೇ ಪಟ್ಟಿಯೊಂದು ಬೇಕು, ಆಳಿನ ಹೆಸರಿನದು. ವೇದಿಕೆ ಹತ್ತುವ ಪ್ರತಿಯೊಬ್ಬರ ಹೆಸರು, ದಿನ, ಜಾಗ, ಹತ್ತುವ ಹೊತ್ತು, ಇಳಿಯುವ ಹೊತ್ತು. ಅಕಾರಾದಿಯಾಗಿ ಜೋಡಿಸಿದರೆ ಒಂದೇ ಹೆಸರು ಒಂದೇ ಸಂಜೆ ಎರಡು ಸಲ ಬಂದದ್ದು ತಾನಾಗಿ ಕಾಣುತ್ತದೆ. ಅರಮನೆಯಿಂದ ಕಲಾಮಂದಿರ ಎರಡು ಎರಡೂವರೆ ಕಿಲೋಮೀಟರ್. ಬೇರೆ ದಿನ ಹತ್ತು ನಿಮಿಷ. ದಸರಾ ಸಂಜೆ ಅರಮನೆ ಸುತ್ತ ಏಕಮುಖ ಸಂಚಾರ, ಜನ ರಸ್ತೆ ತುಂಬ. ಎರಡು ವೇದಿಕೆಯ ನಡುವೆ ಒಂದೂಕಾಲು ಗಂಟೆ ಬಿಡದೆ ಒಬ್ಬರ ಹೆಸರು ಬರೆಯಬಾರದು. ವಾಹನದ ಪಾಸು ಗಾಯಕರಿಗೆ ಮಾತ್ರ ಕೊಟ್ಟು ಮೃದಂಗದವರನ್ನು ಮರೆಯುವುದು ಪ್ರತಿ ಹಬ್ಬದಲ್ಲೂ ನಡೆಯುವ ತಪ್ಪು. ಮೃದಂಗ ಬರದೆ ಗಾಯಕರು ಮುಂಚೆ ಬಂದು ಏನು ಮಾಡುವುದು?

ಈಗ ಆ ಕಾಲು ಗಂಟೆಯೊಳಗೆ ಹೋಗೋಣ. ಒಂದು ಗಾಯನ ಕಚೇರಿ ಮುಗಿಯಿತು, ಮುಂದಿನದು ವೀಣೆ.

ಮೊದಲ ಎರಡು ನಿಮಿಷ ಇಳಿಯುವವರದ್ದು. ಅವರನ್ನು ಅವಸರಪಡಿಸಬಾರದು, ಮೃದಂಗಕ್ಕೆ ಗವುಸು ಹಾಕುವ ಮುಂಚೆ ಎಡಗಡೆ ಮುಚ್ಚಿಗೆಗೆ (ಚರ್ಮದ ಹೊದಿಕೆಗೆ) ಮೆತ್ತಿದ ರವೆ ಕೆರೆದು ತೆಗೆಯಬೇಕು. ಅದಕ್ಕೊಂದು ಒದ್ದೆ ಬಟ್ಟೆ, ಒಂದು ಕಾಗದ ಪಕ್ಕದಲ್ಲಿ ಇಟ್ಟಿದ್ದರೆ ಜಮಖಾನ ಉಳಿಯುತ್ತದೆ. ಆಮೇಲಿನ ಎರಡು ನಿಮಿಷ ಮೈಕಿನದು. ಇಲ್ಲಿ ಎಲ್ಲರೂ ಮಾಡುವ ತಪ್ಪು ತಂತಿ ಕಿತ್ತು ಮೈಕ್ ಎತ್ತುವುದು. ಕಿತ್ತ ತಂತಿಯನ್ನು ತಿರುಗಿ ಚುಚ್ಚುವಾಗ ಒಂದು ಅದಲುಬದಲಾಗುತ್ತದೆ. ಪಿಟೀಲಿನ ಮೈಕಿನಲ್ಲಿ ಘಟ ಕೇಳುತ್ತದೆ. ಸ್ಟ್ಯಾಂಡ್ ಸಮೇತ ಎತ್ತಿ ಪಕ್ಕಕ್ಕಿಡಿ, ತಂತಿ ಹಾಗೇ ಇರಲಿ.

ಕೂರುವ ಜಾಗಕ್ಕೆ ಮೊದಲೇ ನೆಲಕ್ಕೆ ಟೇಪ್ ಅಂಟಿಸಿರಬೇಕು, ಕಾರ್ಯಕ್ರಮಕ್ಕೊಂದು ಬಣ್ಣ. ಮುಖ್ಯ ಕಲಾವಿದರು ನಡುವೆ, ಅವರ ಎಡಗೈ ಕಡೆ ಪಿಟೀಲು, ಬಲಗೈ ಕಡೆ ಮೃದಂಗ. ಇದು ಸುಮ್ಮನೆ ಬಂದ ರೂಢಿಯಲ್ಲ. ಮೃದಂಗದವರು ಹಾಗೆ ಒಳಮುಖವಾಗಿ ಕೂತಾಗ ಕರಣೆ (ನಡುವಿನ ಕಪ್ಪು ವರ್ತುಲ) ಇರುವ ಬಲಗಡೆಯ ಮುಚ್ಚಿಗೆ ಸಭಿಕರ ಕಡೆ ತಿರುಗುತ್ತದೆ, ನಾದ ನೇರ ಬರುತ್ತದೆ. ಮೃದಂಗದವರು ಎಡಚರಾದರೆ ಇಡೀ ಜೋಡಣೆ ತಿರುವುಮುರುವು. ಈ ಒಂದು ಮಾಹಿತಿಯನ್ನು ಮೊದಲೇ ಕೇಳದೆ ಟೇಪ್ ಅಂಟಿಸಿದವರು ಐದು ನಿಮಿಷ ಕಳೆದುಕೊಳ್ಳುತ್ತಾರೆ.

ಇನ್ನೊಂದು ಮಾಹಿತಿ ಶ್ರುತಿ, ಅಂದರೆ ಹಾಡುವವರ ಆಧಾರ ಸ್ವರ ಹಾರ್ಮೋನಿಯಂನ ಮನೆಗಳಲ್ಲಿ ಯಾವುದು ಎಂಬುದು. ಗಾಯಕರು ಒಂದು ಮನೆಯೋ ಒಂದೂವರೆಯೋ, ಗಾಯಕಿಯರು ಐದೋ ಐದೂವರೆಯೋ? ಘಟವನ್ನು ಮೃದಂಗದ ಹಾಗೆ ಕಲ್ಲಿನಿಂದ ತಟ್ಟಿ ಏರಿಸಿ ಇಳಿಸುವಂತಿಲ್ಲ. ಆ ಶ್ರುತಿಯ ಘಟವನ್ನೇ ಮನೆಯಿಂದ ತರಬೇಕು. ಬಾಯಿಗೆ ಹಿಡಿದು ನುಡಿಸುವ ಮೋರ್ಚಿಂಗೂ ಹಾಗೆಯೇ. ಒಪ್ಪಿಗೆ ಪತ್ರದಲ್ಲಿ ‘ಶ್ರುತಿ’ ಎಂದು ಒಂದು ಗೆರೆ ಸೇರಿಸಿ, ಅದನ್ನು ಪಕ್ಕವಾದ್ಯದವರಿಗೆ ಮೂರು ದಿನ ಮುಂಚೆ ತಿಳಿಸಿದರೆ ಮುಗಿಯಿತು. ಆ ಗೆರೆ ಇರುವ ಅರ್ಜಿ ಕಾಣುವುದು ಅಪರೂಪ, ಆಧಾರ್ ಸಂಖ್ಯೆಯ ಗೆರೆ ಮಾತ್ರ ತಪ್ಪುವುದಿಲ್ಲ.

ವೀಣೆ ಬಂತು. ಇದು ಮೈಸೂರಿನ ವಾದ್ಯ, ಇದರ ಬಗ್ಗೆ ಸ್ವಲ್ಪ ನಿಂತು ಹೇಳಬೇಕು. ವೀಣೆಯ 24 ಮೆಟ್ಟಿಲುಗಳು (ತಂತಿ ಒತ್ತಿ ಸ್ವರ ಹಿಡಿಯುವ ಪಟ್ಟಿಗಳು) ಮರಕ್ಕೆ ಮೊಳೆ ಹೊಡೆದು ಕೂರಿಸಿದವಲ್ಲ. ದಂಡಿಯ ಉದ್ದಕ್ಕೂ ಕಟ್ಟಿದ ಮೇಣದ ಮೇಲೆ ಕೂತಿವೆ. ಮೇಣ ಬಿಸಿಗೆ ಮೆತ್ತಗಾಗುತ್ತದೆ. ಮಧ್ಯಾಹ್ನ ಕಾರಿನ ಡಿಕ್ಕಿಯಲ್ಲಿ ಇಟ್ಟ ವೀಣೆ, ಸಾವಿರ ವಾಟಿನ ದೀಪದ ಕೆಳಗೆ ಅರ್ಧ ಗಂಟೆ ಮುಂಚೆಯೇ ತಂದಿಟ್ಟ ವೀಣೆ, ಎರಡರದ್ದೂ ಒಂದೇ ಪಾಡು. ಮೆಟ್ಟಿಲು ಕೂದಲೆಳೆಯಷ್ಟು ವಾಲಿದರೆ ಸಾಕು, ತಂತಿ ಶ್ರುತಿಗೆ ಸರಿಯಾಗಿದ್ದರೂ ಸ್ವರ ತಪ್ಪುತ್ತದೆ. ತಂತಿ ಬಿಗಿಸುವ ಬಿರಡೆ ತಿರುಗಿಸಿ ಅದನ್ನು ಸರಿಮಾಡಲಾಗದು. ಸಭಿಕರು ‘ಇವತ್ತು ಏಕೋ ಕೂರಲಿಲ್ಲ’ ಎಂದು ಎದ್ದು ಹೋಗುತ್ತಾರೆ. ವೀಣೆಯನ್ನು ವೇದಿಕೆಯ ಪಕ್ಕದ ತಂಪು ಕೋಣೆಯಲ್ಲಿ ಚಾಪೆಯ ಮೇಲೆ ಇಡಬೇಕು, ಗೋಡೆಗೆ ಒರಗಿಸಬಾರದು. ಪರದೆ ಏಳುವ ಐದು ನಿಮಿಷ ಮುಂಚೆ ಮಾತ್ರ ಒಳಗೆ ತರಬೇಕು. ನೆತ್ತಿಯ ಮೇಲಿನ ದೀಪ ಆರಿಸಿ ಮುಂದಿನಿಂದ ಬರುವ ಬೆಳಕಷ್ಟೇ ಕೊಟ್ಟರೆ ಆಯಿತು. ಎಲ್‌ಇಡಿ ದೀಪ ಬಂದ ಮೇಲೆ ಈ ತಾಪತ್ರಯ ತಗ್ಗಿದೆ.

ವೀಣೆ ಶೇಷಣ್ಣನವರ (1852–1926) ಕಾಲದಲ್ಲಿ ದರ್ಬಾರಿನಲ್ಲಿ ಮೈಕ್ ಇರಲಿಲ್ಲ, ಬೇಕಾಗಿಯೂ ಇರಲಿಲ್ಲ. ಕೇಳುವವರು ಕೆಲವೇ ಅಡಿ ದೂರದಲ್ಲಿ ಕೂತಿರುತ್ತಿದ್ದರು. ಇಂದು ಅದೇ ಅರಮನೆಯ ಹೊರಗೆ ಸಾವಿರಾರು ಕುರ್ಚಿ. ಬಯಲಿನಲ್ಲಿ ಶಬ್ದ ಸೆಕೆಂಡಿಗೆ ಸುಮಾರು 340 ಮೀಟರ್ ಓಡುತ್ತದೆ, ತಂತಿಯೊಳಗಿನ ವಿದ್ಯುತ್ತು ಆ ಕ್ಷಣವೇ ತಲುಪುತ್ತದೆ. ವೇದಿಕೆಯಿಂದ 40 ಮೀಟರ್ ಹಿಂದೆ ಇನ್ನೊಂದು ಜೋಡಿ ಸ್ಪೀಕರ್ ನಿಲ್ಲಿಸಿದರೆ ಅಲ್ಲಿ ಕೂತವರಿಗೆ ಪಕ್ಕದ ಸ್ಪೀಕರಿನ ಹಾಡು ಮೊದಲು, ವೇದಿಕೆಯದು ಸುಮಾರು 118 ಮಿಲಿಸೆಕೆಂಡ್ ತಡವಾಗಿ ಕೇಳುತ್ತದೆ. ತಾಳವಾದ್ಯದವರಷ್ಟೇ ಬಾರಿಸುವ ತನಿ ಆವರ್ತನದಲ್ಲಿ ಪ್ರತಿ ಪೆಟ್ಟೂ ಎರಡೆರಡು ಸಲ. ಮೀಟರಿಗೆ 3 ಮಿಲಿಸೆಕೆಂಡ್ ಹತ್ತಿರದ ಲೆಕ್ಕದಲ್ಲಿ ಹಿಂದಿನ ಸ್ಪೀಕರನ್ನು ತಡಮಾಡಬೇಕು, ಮೇಲೆ ಇನ್ನು ಹತ್ತು ಹದಿನೈದು ಸೇರಿಸಿದರೆ ಹಾಡು ವೇದಿಕೆಯಿಂದಲೇ ಬರುತ್ತಿದೆ ಅನ್ನಿಸುತ್ತದೆ. ಹೆಜ್ಜೆ ಹಾಕಿ ಅಳೆಯಬೇಡಿ, ಟೇಪ್ ಹಿಡಿದು ಅಳೆಯಿರಿ.

ಸೌಂಡ್ ನೋಡಲು ಕಚೇರಿಗೆ ಆರು ಚಾನೆಲ್ ಸಾಕು: ಗಾಯನ ಒಂದು, ಪಿಟೀಲು ಒಂದು, ಮೃದಂಗಕ್ಕೆ ಎರಡು, ಘಟ ಒಂದು, ತಂಬೂರಿ ಒಂದು. ನಿರೂಪಕರದ್ದು ಏಳನೆಯದು. ಮಧ್ಯಾಹ್ನವೇ ಪ್ರತಿ ತಂಡದ ಜೋಡಣೆಯನ್ನು ಡಿಜಿಟಲ್ ಮಿಕ್ಸರಿನಲ್ಲಿ ಬೇರೆ ಬೇರೆ ಉಳಿಸಿಟ್ಟರೆ ಸಂಜೆ ಒಂದು ಗುಂಡಿ ಒತ್ತಿದರೆ ಮುಗಿಯಿತು. ಸಂಜೆಯ ಕಾಲು ಗಂಟೆಯಲ್ಲಿ ನೋಡಬೇಕಾದದ್ದು ಮೈಕಿಗೆ ಜೀವ ಇದೆಯೇ ಎಂದಷ್ಟೆ. ಆದರೆ ಆಗುವುದೇನು? ಮೃದಂಗದವರು ಮಾನಿಟರ್ (ಕಲಾವಿದರಿಗೇ ಕೇಳಲೆಂದು ವೇದಿಕೆಯ ಮೇಲಿಟ್ಟ ಸ್ಪೀಕರ್) ಜಾಸ್ತಿ ಕೇಳುತ್ತಾರೆ, ಕೊಟ್ಟದ್ದರಿಂದ ಪಿಟೀಲಿನವರಿಗೆ ತಮ್ಮದು ಕೇಳದೆ ಅವರೂ ಕೇಳುತ್ತಾರೆ, ಗಾಯಕರು ಇಬ್ಬರನ್ನೂ ಮೀರಿಸಬೇಕು. ನಾಲ್ಕನೇ ಸುತ್ತಿಗೆ ‘ಕೀ…’ ಎಂದು ಕೂಗು. ಇದಕ್ಕೆ ಮದ್ದು ಏರಿಸುವುದಲ್ಲ, ಇಳಿಸುವುದು: ಒಬ್ಬರು ಜಾಸ್ತಿ ಕೇಳಿದಾಗ ಅವರ ಮಾನಿಟರಿನಲ್ಲಿ ಉಳಿದವರನ್ನು ಕಡಿಮೆ ಮಾಡಿ. ತಂಬೂರಿಯನ್ನು ಮಾತ್ರ ಎಲ್ಲರಿಗೂ ಧಾರಾಳವಾಗಿ ಕೊಡಿ. ಎಲೆಕ್ಟ್ರಾನಿಕ್ ತಂಬೂರಿಗೆ ಹೊಸ ಬ್ಯಾಟರಿ ಹಾಕಿಡಿ. ಕರೆಂಟು ಹೋದಾಗ ಅದೂ ನಿಂತರೆ ಕತ್ತಲಲ್ಲಿ ಹಾಡುವವರಿಗೆ ಆಧಾರವೇ ಇಲ್ಲ.

ಹವೆ. ಅಕ್ಟೋಬರ್ ಸಂಜೆಯ ಮಳೆ ಮೈಸೂರಿನವರಿಗೆ ಹೊಸದಲ್ಲ. ಗಾಳಿಯಲ್ಲಿ ತೇವ ಏರಿದರೆ ಚರ್ಮ ಸಡಿಲಗೊಂಡು ಮೃದಂಗದ ಶ್ರುತಿ ಇಳಿಯುತ್ತದೆ. ಒಣ ಗಾಳಿಯಲ್ಲಿ ಏರುತ್ತದೆ. ಹವಾನಿಯಂತ್ರಿತ ಕೋಣೆಯಲ್ಲಿ ಶ್ರುತಿ ಮಾಡಿ ಬಯಲ ವೇದಿಕೆಗೆ ತಂದರೆ ಮಾಡಿದ ಕೆಲಸವೆಲ್ಲ ನೀರು ಪಾಲು. ಶ್ರುತಿ ಮಾಡುವ ಜಾಗದ ಹವೆಯೂ ಬಾರಿಸುವ ಜಾಗದ ಹವೆಯೂ ಒಂದೇ ಆಗಿರಲಿ. ಮಳೆಗೆ ಹೊರಬೀಳುವ ರೆಕ್ಕೆ ಹುಳುಗಳು ಬೆಳಕಿದ್ದಲ್ಲಿಗೆ ನುಗ್ಗುತ್ತವೆ. ಆಲಾಪನೆಗೆ ಬಾಯಿ ತೆರೆದವರ ಕಷ್ಟ ಹೇಳಬೇಕೆ? ವೇದಿಕೆಯಿಂದ ಮೂವತ್ತು ನಲವತ್ತು ಅಡಿ ಆಚೆ, ಜನರಿಲ್ಲದ ಕಡೆ, ಪ್ರಖರವಾದ ಬಿಳಿ ದೀಪವೊಂದನ್ನು ಉರಿಸಿಡಿ. ವೇದಿಕೆಯ ಬೆಳಕು ಹಳದಿ ಛಾಯೆಯಲ್ಲಿರಲಿ. ಹುಳುಗಳು ಬಹುಪಾಲು ಅತ್ತ ಹೋಗುತ್ತವೆ.

ಅರಮನೆಯ ವೇದಿಕೆಗೆ ಅದರದ್ದೇ ಒಂದು ಮುಹೂರ್ತವಿದೆ. ಸಂಜೆ ಏಳರ ಸುಮಾರಿಗೆ ಲಕ್ಷದ ಸನಿಹ ಬಲ್ಬುಗಳು ಒಟ್ಟಿಗೆ ಹೊತ್ತಿಕೊಳ್ಳುತ್ತವೆ. ಆ ಕ್ಷಣ ಯಾರು ಹಾಡುತ್ತಿದ್ದರೂ ಜನ ‘ಹೋ’ ಎನ್ನುತ್ತಾರೆ, ಮೊಬೈಲ್ ಎತ್ತುತ್ತಾರೆ. ರಾಗದ ನಡುವೆ ಇದಾದರೆ ಕಲಾವಿದರ ಗ್ರಹಚಾರ. ಮೊದಲ ಕಾರ್ಯಕ್ರಮವನ್ನು ದೀಪ ಹೊತ್ತುವ ಹತ್ತು ನಿಮಿಷ ಮುಂಚೆ ಮುಗಿಸಿ, ಕಾಲು ಗಂಟೆಯ ಬದಲಾವಣೆಯನ್ನು ದೀಪದ ಸುತ್ತ ಕೂರಿಸಿದರೆ ವೇದಿಕೆ ಖಾಲಿ ಇರುವುದನ್ನು ಯಾರೂ ಗಮನಿಸುವುದೇ ಇಲ್ಲ. ಇಡೀ ಊರಿನಲ್ಲಿ ಈ ಸವಲತ್ತು ಇರುವುದು ಅದೊಂದೇ ವೇದಿಕೆಗೆ.

ನೃತ್ಯಕ್ಕೆ ನೆಲವೇ ವಾದ್ಯ. ಕಾಂಕ್ರೀಟಿನ ಮೇಲೆ ಜಮಖಾನ ಹಾಸಿ ‘ವೇದಿಕೆ ಸಿದ್ಧ’ ಎಂದರೆ ಮಂಡಿ ನೋವು ಕುಣಿಯುವವರಿಗೆ. ಮರದ ಪಟ್ಟಿಗಳ ಮೇಲೆ ಮುಕ್ಕಾಲು ಅಂಗುಲದ ಪ್ಲೈವುಡ್ ಹೊಡೆದು, ಹಾಳೆಗಳ ಸಂದಿಗೆ ಟೇಪ್ ಅಂಟಿಸಿ, ಮೊಳೆಯ ತಲೆಗಳನ್ನು ಕೈಯಿಂದ ಸವರಿ ನೋಡಬೇಕು. ಕಣ್ಣಿಗೆ ಕಾಣದ ಮೊಳೆ ಅಂಗೈಗೆ ಸಿಗುತ್ತದೆ. ತೆಳು ಕಾರ್ಪೆಟ್ಟಿನ ಮಡಿಕೆಗೆ ಕಾಲ್ಬೆರಳು ಸಿಕ್ಕರೆ ಮಂಡಿ ಅಡವು ಅಲ್ಲೇ ಮಗುಚಿತು. ದಪ್ಪ ಕಾರ್ಪೆಟ್ ಗೆಜ್ಜೆಯ ನಾದವನ್ನೂ ಕಾಲಿನ ಪೆಟ್ಟನ್ನೂ ನುಂಗುತ್ತದೆ. ಎಂಟು ಹತ್ತು ಮಂದಿಯ ತಂಡಕ್ಕೆ 30 ಅಡಿ ಅಗಲ, 24 ಅಡಿ ಆಳ ಇಲ್ಲದಿದ್ದರೆ ಸಾಲುಗಳು ಒಂದಕ್ಕೊಂದು ತಗುಲುತ್ತವೆ. ಹೂಕುಂಡ, ಬ್ಯಾನರ್, ಗಣ್ಯರ ಸೋಫಾ ಇವೆಲ್ಲ ಆ 24 ಅಡಿಯೊಳಗೇ ಬಂದು ಕೂರುವುದನ್ನು ಯಾರಾದರೂ ಕಾವಲು ಕಾಯಬೇಕು. ಒಂದು ತಂಡ ಇಳಿದ ಕೂಡಲೇ ಪೊರಕೆ ಆಡಿಸಬೇಕು: ಗೆಜ್ಜೆಯಿಂದ ಕಿತ್ತುಬಿದ್ದ ಒಂದು ಗುಂಡು, ಮುಡಿಯಿಂದ ಜಾರಿದ ಒಂದು ಪಿನ್ನು ಮುಂದಿನ ತಂಡದ ಬರಿಗಾಲಿಗೆ ಕಾಯುತ್ತಿರುತ್ತದೆ. ಇಪ್ಪತ್ತು ಮಕ್ಕಳ ಅಲಂಕಾರಕ್ಕೆ ಎರಡೂವರೆ ಗಂಟೆ ಬೇಕು. ಒಂದು ಕನ್ನಡಿ, ಒಂದು ಪ್ಲಗ್ ಇರುವ ಕೋಣೆ ಕೊಟ್ಟು ಬೇಗ ಎನ್ನುವುದು ಅನ್ಯಾಯ.

ನಾಟಕದ ಬಗ್ಗೆ ಒಂದೇ ಮಾತು: ಅದನ್ನು ಕಚೇರಿಯ ಜೊತೆ ಒಂದೇ ವೇದಿಕೆಗೆ ಹಾಕಬೇಡಿ. ರಂಗಸಜ್ಜಿಕೆ ಕಟ್ಟಲು, ದೀಪ ಗುರಿಯಿಡಲು, ಒಂದು ಸಲ ಓಡಿಸಿ ನೋಡಲು ಕನಿಷ್ಠ ನಾಲ್ಕು ಗಂಟೆ. ಕಂಪನಿ ನಾಟಕದವರದ್ದು ಬೇರೆ. ಅವರ ಬರೆದ ಪರದೆಗಳು ಸುತ್ತಿ ಬಂದು ಸುತ್ತಿ ಹೋಗುತ್ತವೆ. ಆದರೆ ಪರದೆ ನೇತುಹಾಕಲು ಮೇಲೆ ಅಡ್ಡಗೊಳವೆ ಇರಲೇಬೇಕು, ಅದು ಎಷ್ಟು ತೂಕ ತಡೆಯುತ್ತದೆ ಎಂದು ಸಭಾಂಗಣದವರಿಂದ ಮೊದಲೇ ಬರೆಸಿಕೊಳ್ಳಬೇಕು.

ಜಾನಪದ ತಂಡಗಳನ್ನು ‘ಅವರಿಗೇನೂ ಬೇಡ, ಬಂದು ಬಾರಿಸುತ್ತಾರೆ’ ಎಂದು ಬಿಡುವವರಿದ್ದಾರೆ. ತಮಟೆಗೆ ಬೆಂಕಿ ಬೇಕು. ಚರ್ಮ ಕಾಯಿಸದೆ ಬಾರಿಸಿದರೆ ‘ಬೊದ್ ಬೊದ್’ ಎನ್ನುತ್ತದೆ. ಸಭಾಂಗಣದ ಕಾವಲುಗಾರ ಬೆಂಕಿ ನೋಡಿ ಓಡಿಬರುತ್ತಾನೆ, ಜಗಳವಾಗುತ್ತದೆ, ತಂಡ ತಣ್ಣನೆಯ ತಮಟೆ ಹಿಡಿದು ವೇದಿಕೆ ಹತ್ತುತ್ತದೆ. ಹಿಂಬದಿಯ ಬಯಲಿನಲ್ಲಿ ಅರ್ಧ ಡ್ರಮ್, ಒಣಹುಲ್ಲು, ಪಕ್ಕದಲ್ಲಿ ಎರಡು ಬಕೆಟ್ ಮರಳು ಇಟ್ಟು, ಕಾವಲುಗಾರನಿಗೆ ಮೊದಲೇ ಹೇಳಿಟ್ಟರೆ ಖರ್ಚು ಎಷ್ಟಾದೀತು? ಎತ್ತರದ ಕಂಬ ಹೊತ್ತು ಕುಣಿಯುವ ನಂದಿಧ್ವಜದ ತಂಡಕ್ಕೆ ತಲೆಯ ಮೇಲಿನ ತಂತಿ, ಶಾಮಿಯಾನದ ಎತ್ತರ ಅಳೆದಿಡಿ. ತೆಂಕುತಿಟ್ಟಿನ ಯಕ್ಷಗಾನವಾದರೆ ಬಣ್ಣದ ವೇಷದವರಿಗೆ ಮುಖದ ಮೇಲೆ ಅಕ್ಕಿಹಿಟ್ಟಿನ ಚುಟ್ಟಿ (ಉಬ್ಬು ಚುಕ್ಕಿ) ಇಡುವುದಕ್ಕೇ ಎರಡು ಮೂರು ಗಂಟೆ. ಚೌಕಿ (ವೇಷ ಕಟ್ಟುವ ಕೋಣೆ) ಮಧ್ಯಾಹ್ನವೇ ಸಿಗಬೇಕು, ಫ್ಯಾನ್ ಇರಬೇಕು. ಚೆಂಡೆಗೆ ಮೈಕ್ ಬೇಡ ಎಂದು ಸೌಂಡಿನವರಿಗೆ ಒಂದು ಸಲ ಹೇಳಿದರೆ ಸಾಲದು.

ವಿದ್ಯುತ್ತಿನ ಲೆಕ್ಕ ಸರಳ. ಹಳೆಯ ಪಾರ್ ದೀಪ ಒಂದಕ್ಕೆ 1,000 ವಾಟ್. 24 ದೀಪವೆಂದರೆ 24 ಕಿಲೋವಾಟ್, 230 ವೋಲ್ಟಿನಲ್ಲಿ ನೂರು ಆಂಪಿಯರ್ ಮೀರುತ್ತದೆ. ಮೂರು ಫೇಸಿಗೆ ಹಂಚಿದರೆ ತಲಾ 35. ಸೌಂಡನ್ನು ದೀಪದ ಡಿಮ್ಮರ್ ಇರುವ ಫೇಸಿಗೆ ಕೊಟ್ಟರೆ ದೀಪ ಮಂಕಾದಾಗಲೆಲ್ಲ ಸ್ಪೀಕರಿನಲ್ಲಿ ‘ಝೂಂ’. ಆದಷ್ಟೂ ಸೌಂಡಿಗೆ ಬೇರೆ ಜನರೇಟರ್. ಕರೆಂಟು ಹೋಗಿ ಜನರೇಟರ್ ಏಳಲು ಹತ್ತು ಸೆಕೆಂಡಾದರೂ ಡಿಜಿಟಲ್ ಮಿಕ್ಸರ್ ತಿರುಗಿ ಏಳಲು ಒಂದೆರಡು ನಿಮಿಷ ಹಿಡಿಯುತ್ತದೆ. ಅದೊಂದಕ್ಕೆ ಚಿಕ್ಕ ಯುಪಿಎಸ್ ಸಾಕು. ತಂತಿಯ ಜೋಡಣೆಗಳೆಲ್ಲ ನೆಲದಿಂದ ಎರಡು ಇಟ್ಟಿಗೆ ಮೇಲೆ. ಹಿಂದಿನ ಫ್ಲೆಕ್ಸ್ ಬ್ಯಾನರ್ ಗಾಳಿಗೆ ಹಾಯಿಯಾಗುತ್ತದೆ, ಅಲ್ಲಲ್ಲಿ ಸೀಳಿ ಗಾಳಿಗೆ ದಾರಿ ಕೊಡಿ, ಅದರ ಮೇಲಿರುವ ಮುಖಗಳಿಗೆ ಬೇಸರವಾದರೂ ಸರಿ. ಮಳೆಗೆ ಕಾರ್ಯಕ್ರಮ ನಿಲ್ಲಿಸುವ ಅಧಿಕಾರ ಒಬ್ಬರಿಗೇ ಇರಲಿ, ಅವರ ಹೆಸರು ಎಲ್ಲರಿಗೂ ಗೊತ್ತಿರಲಿ.

ಕಾಲು ಗಂಟೆಯನ್ನು ಅತಿ ಹೆಚ್ಚು ತಿನ್ನುವುದು ಮಾತ್ರ ಇದಾವುದೂ ಅಲ್ಲ; ಸನ್ಮಾನ. ಐದು ಜನ ಕಲಾವಿದರು, ಶಾಲು, ಹಾರ, ಹಣ್ಣಿನ ಬುಟ್ಟಿ, ನೆನಪಿನ ಕಾಣಿಕೆ, ಫೋಟೊ: ತಲಾ ಒಂದೂವರೆ ನಿಮಿಷ ಹಿಡಿದರೂ ಏಳೂವರೆ ನಿಮಿಷ. ಕಾಣಿಕೆ ಕೊಡಲು ಬಂದವರು ಎರಡು ಮಾತು ಎಂದರೆ ಇನ್ನು ಹತ್ತು. ತಪ್ಪಿಸಲಾಗದ್ದನ್ನು ಬಳಸಿಕೊಳ್ಳುವುದೊಂದೇ ದಾರಿ. ಮುಖ್ಯ ಪರದೆ ಇಳಿಸಿ, ಅದರ ಮುಂದಿನ ಆರಡಿ ಜಾಗದಲ್ಲಿ ಸನ್ಮಾನ. ಪರದೆಯ ಹಿಂದೆ ಮುಂದಿನ ತಂಡ ಕೂರುವ ಕೆಲಸ. ಬಯಲ ವೇದಿಕೆಯಲ್ಲಿ ಪರದೆ ಇಲ್ಲದಿದ್ದರೆ ಗಾಲಿ ಇರುವ ಎರಡು ಕಟ್ಟೆ ಮಾಡಿಸಿ, 12 ಅಡಿ ಉದ್ದ, 8 ಅಡಿ ಅಗಲ, ಒಂದೂಕಾಲು ಅಡಿ ಎತ್ತರ. ಒಂದು ಮುಂದೆ ಹಾಡುತ್ತಿರುವಾಗ ಇನ್ನೊಂದರ ಮೇಲೆ ಮುಂದಿನವರು ಪಕ್ಕದಲ್ಲಿ ಕೂತು ಶ್ರುತಿ ಸೇರಿಸುತ್ತಿರುತ್ತಾರೆ. ಗಾಲಿಗೆ ಬೀಗ ಹಾಕುವುದನ್ನು ಮರೆತರೆ ತನಿಯ ಹೊತ್ತಿಗೆ ಕಟ್ಟೆ ಹೊರಟೀತು.

ಯಾಕೆ ಇಷ್ಟು ನಿಮಿಷ ನಿಮಿಷಕ್ಕೆ ಲೆಕ್ಕ? 2000ದ ಶಬ್ದಮಾಲಿನ್ಯ ನಿಯಮದ ಪ್ರಕಾರ ರಾತ್ರಿ ಹತ್ತಕ್ಕೆ ಧ್ವನಿವರ್ಧಕ ನಿಲ್ಲಬೇಕು. ಹಬ್ಬ, ಸಾಂಸ್ಕೃತಿಕ ಸಮಾರಂಭಗಳಿಗೆ ವರ್ಷಕ್ಕೆ 15 ದಿನ ಮೀರದಂತೆ ಹನ್ನೆರಡರವರೆಗೆ ಬಿಡುವ ಅಧಿಕಾರ ರಾಜ್ಯ ಸರ್ಕಾರಕ್ಕಿದೆ. ಆದರೆ ಅದು ಆದೇಶವಾಗಿ ಕೈಯಲ್ಲಿದ್ದರೆ ಮಾತ್ರ ಲೆಕ್ಕಕ್ಕೆ. ಆರಕ್ಕೆ ಶುರುವಾಗಬೇಕಾದದ್ದು ಗಣ್ಯರಿಗೆ ಕಾದು ಆರೂಮುಕ್ಕಾಲಿಗೆ ಶುರುವಾಗಿ, ಕಾಲು ಗಂಟೆಯ ಮೂರು ಬದಲಾವಣೆ ಅರ್ಧರ್ಧ ಗಂಟೆಯಾದರೆ ಒಟ್ಟು ಒಂದೂವರೆ ಗಂಟೆ ನಷ್ಟ. ಅದನ್ನು ಕೊನೆಯ ಕಲಾವಿದರೇ ತುಂಬಿಕೊಡಬೇಕು. ವರ್ಣ, ಒಂದು ಕೃತಿ, ನೇರ ಮಂಗಳ. ಸಾಮಾನ್ಯವಾಗಿ ಅವರೇ ಆ ಸಂಜೆಯ ಹಿರಿಯರೂ ಆಗಿರುತ್ತಾರೆ.

ಹತ್ತು ಗಂಟೆಯ ಮೇಲೂ ಕೆಲಸ ಇದೆ. ಮೈಕ್ ಎಣಿಸಿ ಪೆಟ್ಟಿಗೆಗೆ ಹಾಕಬೇಕು, ಒದ್ದೆ ಕಾರ್ಪೆಟ್ ಎತ್ತಿ ಒಣಹಾಕಬೇಕು, ಗೌರವಧನದ ಕಾಗದ ನೋಡಬೇಕು. ಕರಪತ್ರದಲ್ಲಿ ವಿದ್ವಾನ್ ಇಂಥವರು, ಪಾಸ್‌ಬುಕ್ಕಿನಲ್ಲಿ ಊರಿನ ಹೆಸರು ಸೇರಿದ ಬೇರೆ ಹೆಸರು, ಪ್ಯಾನಿನಲ್ಲಿ ಮೂರನೆಯದು. ಹಾಗಿದ್ದರೆ ಹಣ ವಾಪಸು ಬರುತ್ತದೆ, ಕಲಾವಿದರು ಸಂಕ್ರಾಂತಿವರೆಗೂ ಕಚೇರಿ ಸುತ್ತುತ್ತಾರೆ. ಈ ಕಚೇರಿ ಹಾಡುವುದಲ್ಲ. ಇಪ್ಪತ್ತು ಜನರ ಡೊಳ್ಳಿನ ತಂಡದ ಹಣವನ್ನೆಲ್ಲ ಮುಖಂಡರೊಬ್ಬರ ಖಾತೆಗೆ ಹಾಕಿದರೆ ತೆರಿಗೆಯೂ ಅವರೊಬ್ಬರ ತಲೆಗೇ. ಮೂರು ಕಾಗದದ ಹೆಸರನ್ನೂ ಮುಂಚೆಯೇ ತಾಳೆ ನೋಡಿ, ಕಲಾವಿದರು ಹಿಂಬದಿ ಕೋಣೆಯಲ್ಲಿ ಕಾಫಿ ಕುಡಿಯುತ್ತಿರುವಾಗ ಸಹಿ ಹಾಕಿಸಿಕೊಳ್ಳಿ. ಆಮೇಲೆ ನೆಲದ ಟೇಪ್ ಕಿತ್ತು ನಾಳೆಯ ಬಣ್ಣ ಅಂಟಿಸಿ. ಬೆಳಿಗ್ಗೆ ಕಸ ಗುಡಿಸುವವರು ಅದನ್ನು ಕೀಳದ ಹಾಗೆ ಒಂದು ಚೀಟಿಯನ್ನೂ.